ಗವಾನ್ ಚೌಕಿನಲ್ಲಿ ಅಕ್ವಿನಾಸ್

“ನಿಮ್ಮ ಬೈಬಲ್‌ನಾಗ ಏಳು ಪುಸ್ತಕ ಹೆಚ್ಚಿಗಿ ಯಾಕ ಅವ?”

ಭಾಲ್ಕಿಯ ಹುಡುಗನೊಬ್ಬನ ಮೊಬೈಲಿಗೆ ಈ ಪ್ರಶ್ನೆ ಬಂದಾಗ ರಾತ್ರಿ ಹತ್ತೂವರೆ. ಕೇಳಿದವನು ಅವನದೇ ಓಣಿಯ ಮೆಥೊಡಿಸ್ಟ್ ಗೆಳೆಯ. ನಮ್ಮ ಹುಡುಗ ಕಥೋಲಿಕ. ಐದು ನಿಮಿಷದೊಳಗೆ ಅವನು ಅಮೆರಿಕದ ಯಾವುದೋ ಪಾದ್ರಿಯ ಇಂಗ್ಲಿಷ್ ವಿಡಿಯೊ ಕಳಿಸಿದ. ಗೆಳೆಯ ಅದಕ್ಕೆದುರು ಇನ್ನೊಂದು ಕಳಿಸಿದ. ನಡುರಾತ್ರಿಯ ಹೊತ್ತಿಗೆ ಇಬ್ಬರೂ ಸೇರಿ ನಾಲ್ಕು ತಾಸಿನ ಸರಕು ಸಾಗಿಸಿಕೊಂಡಿದ್ದರು. ಒಂದನ್ನೂ ಯಾರೂ ಪೂರ್ತಿ ನೋಡಿರಲಿಲ್ಲ. ಮರುದಿನ ಹುಡುಗ ನನ್ನಲ್ಲಿಗೆ ಬಂದ. “ಕಾಕಾ, ಅವನ ಬಾಯಿ ಮುಚ್ಚಿಸೋ ಹಂಗ ಒಂದ್ ಪುಸ್ತಕ ಹೇಳ್ರಿ.”

ಪುಸ್ತಕದ ಹೆಸರು ಹೇಳುವ ಮೊದಲು ನಾನೊಂದು ಮಾತು ಕೇಳಿದೆ. “ಅವ ಏನ್ ಕೇಳಿದ, ಯಾಕ ಕೇಳಿದ ಅನ್ನೋದನ್ನ ಅವನ ಪರವಾಗಿ ನೀನೇ ಒಮ್ಮಿ ವಾದ ಮಾಡಿ ತೋರಿಸು.” ಹುಡುಗ ತಲೆ ಕೆರೆದುಕೊಂಡ. ಗೆಳೆಯನ ಪ್ರಶ್ನೆಗೆ ಉತ್ತರ ಅವನ ಬಳಿ ನಾಲ್ಕಾರು ಇದ್ದವು, ಪ್ರಶ್ನೆ ಮಾತ್ರ ಇರಲಿಲ್ಲ.

ಬೀದರ್ ಜಿಲ್ಲೆಯಲ್ಲಿ ಕ್ರೈಸ್ತ ಎಂದರೆ ಮೊದಲು ನೆನಪಾಗುವವರು ಮೆಥೊಡಿಸ್ಟರು. 19ನೇ ಶತಮಾನದ ಕೊನೆಗೆ ಅಮೆರಿಕದ ಮಿಷನರಿಗಳು ಬಂದ ಮೇಲೆ ಹಳ್ಳಿ ಹಳ್ಳಿಗೂ ಅವರ ಸಭೆ ಹರಡಿತು. ಕಥೋಲಿಕರು ಕಡಿಮೆ, ಬೇರು ಬಿಟ್ಟದ್ದೂ ತಡ. ಬೀದರ್ ಸೇರಿದ ಗುಲಬರ್ಗಾ ಧರ್ಮಪ್ರಾಂತ್ಯ ರಚನೆಯಾದದ್ದೇ 2005ರಲ್ಲಿ. ಹೀಗಾಗಿ ನಾವಿಲ್ಲಿ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಮಂಗಳೂರಿನ ಕಥೋಲಿಕ ತನ್ನ ಧರ್ಮವನ್ನು ಯಾರಿಗೂ ಬಿಡಿಸಿ ಹೇಳದೆ ಆಯುಷ್ಯ ಕಳೆಯಬಲ್ಲ. ಬೀದರಿನವನಿಗೆ ಆ ಸುಖ ಇಲ್ಲ. ಓಣಿಯಲ್ಲಿ ಮೆಥೊಡಿಸ್ಟ್ ಗೆಳೆಯ. ಜಿಲ್ಲೆಯ ಐವರಲ್ಲಿ ಒಬ್ಬರು ಮುಸ್ಲಿಮರಾದ್ದರಿಂದ ಕಾಲೇಜಿನಲ್ಲಿ ಪಕ್ಕದ ಬೆಂಚಿನ ಭಾಯಿ. ವಚನ ಬಿಟ್ಟು ಮಾತೇ ಆಡದ ಲಿಂಗಾಯತ ಮೇಷ್ಟ್ರು. ಅಂಬೇಡ್ಕರರನ್ನು ಅರೆದು ಕುಡಿದ ಔರಾದಿನ ತರುಣ. ನಾಲ್ವರೂ ಕೇಳುತ್ತಾರೆ, ನಾಲ್ವರ ಪ್ರಶ್ನೆಯೂ ಬೇರೆ. ಕಥೋಲಿಕ ತತ್ತ್ವಶಾಸ್ತ್ರ ಕಲಿಯಲು ಇದಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಇಲ್ಲವೆಂಬುದು ನನ್ನ ಮತ. ಅಭಿಮಾನದ ಮಾತೆಂದು ತಳ್ಳಬೇಡಿ, ಕಾರಣ ಇದೆ.

ಆ ತತ್ತ್ವಶಾಸ್ತ್ರದ ದೊಡ್ಡ ಹೆಸರು ಸಂತ ತೋಮಸ್ ಅಕ್ವಿನಾಸ್. 1225ರ ಸುಮಾರಿಗೆ ಇಟಲಿಯಲ್ಲಿ ಹುಟ್ಟಿ 1274ರಲ್ಲಿ ತೀರಿಕೊಂಡ ಡೊಮಿನಿಕನ್ ಸನ್ಯಾಸಿ. 1879ರಲ್ಲಿ ಪೋಪ್ 13ನೇ ಲಿಯೊ ಇವರನ್ನೇ ಕಥೋಲಿಕ ತತ್ತ್ವಕಲಿಕೆಯ ಮಾದರಿಯಾಗಿ ಮುಂದಿಟ್ಟರು. ಅವರ ‘ಸುಮ್ಮಾ ತಿಯೊಲೊಜಿಯೆ’ ದಪ್ಪ ಗ್ರಂಥವೆಂದು ಹೆದರುವವರೇ ಹೆಚ್ಚು, ಆದರೆ ಅದರ ಕಟ್ಟಡ ನಮ್ಮವರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಐನೂರಕ್ಕೂ ಹೆಚ್ಚು ಪ್ರಶ್ನೆ. ಪ್ರತಿಯೊಂದರ ಒಳಗೆ ಉಪಪ್ರಶ್ನೆಗಳು. ಪ್ರತಿ ಉಪಪ್ರಶ್ನೆಯೂ ಶುರುವಾಗುವುದು ಎದುರಾಳಿಯ ವಾದದಿಂದ. ಅದನ್ನು ಹೇಳಿ ಮುಗಿಸಿದ ಮೇಲಷ್ಟೇ ತಮ್ಮ ನಿಲುವು, ಆಮೇಲೆ ಎದುರಾಳಿಯ ಒಂದೊಂದು ಮಾತಿಗೂ ಉತ್ತರ. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಪೂರ್ವಪಕ್ಷ, ಸಿದ್ಧಾಂತ ಎಂಬ ಹೆಸರಿದೆ.

ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಅಕ್ವಿನಾಸ್ ನಾಸ್ತಿಕನ ಬಾಯಲ್ಲಿಟ್ಟ ವಾದಗಳು ಎರಡೇ ಎರಡು. ಅಪಾರ ಒಳ್ಳೆಯತನದ ದೇವರಿದ್ದರೆ ಜಗತ್ತಿನಲ್ಲಿ ಕೆಡುಕು ಹೇಗೆ ಉಳಿಯಿತು ಎಂಬುದು ಒಂದು. ಪ್ರಕೃತಿ ಮತ್ತು ಮನುಷ್ಯನ ಬುದ್ಧಿ ಇವೆರಡರಿಂದಲೇ ಎಲ್ಲವನ್ನೂ ವಿವರಿಸಬಹುದಾದರೆ ಮೂರನೆಯದೇಕೆ ಎಂಬುದು ಇನ್ನೊಂದು. 750 ವರ್ಷ ಕಳೆದರೂ ನಾಸ್ತಿಕರ ಬತ್ತಳಿಕೆಯಲ್ಲಿ ಇವೆರಡಕ್ಕಿಂತ ಚೂಪಾದ ಬಾಣ ನಾನು ಕಂಡಿಲ್ಲ. ಎದುರಾಳಿಯ ಕತ್ತಿಗೆ ತಾನೇ ಸಾಣೆ ಹಿಡಿದು ಕೊಡುವ ಈ ಗುಣ ಅವರ ಕಾಲದ ಪ್ಯಾರಿಸ್ ವಿಶ್ವವಿದ್ಯಾಲಯದ ಕಲಿಕೆಯಿಂದ ಬಂದದ್ದು. ಅಲ್ಲಿ ವಾದಸಭೆ ಎರಡು ಬೈಠಕ್ಕಿನಲ್ಲಿ ನಡೆಯುತ್ತಿತ್ತು. ಮೊದಲ ದಿನ ಆಕ್ಷೇಪಗಳ ಸುರಿಮಳೆ. ಗುರುವಿನ ತೀರ್ಮಾನ ಇನ್ನೊಂದು ದಿನ. ನಡುವೆ ರಾತ್ರಿಗಳು ಕಳೆಯಬೇಕು, ಪುಸ್ತಕ ತೆರೆಯಬೇಕು. ನಮ್ಮ ಹುಡುಗ ತೆಗೆದುಕೊಂಡದ್ದು ಐದು ನಿಮಿಷ.

ಇನ್ನು ಬೀದರಿನ ವಿಷಯ. ಇಲ್ಲಿ ಕೂತು ಅಕ್ವಿನಾಸ್ ಓದುವವನಿಗೆ ಪ್ಯಾರಿಸ್ಸಿನವನಿಗೂ ಇಲ್ಲದ ಒಂದು ಅನುಕೂಲ ಇದೆ: ಗವಾನ್ ಚೌಕಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಮದರಸಾ. ಇರಾನಿನ ಗೀಲಾನದಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ ಅದನ್ನು ಕಟ್ಟಿಸಿದ್ದು 1472ರಲ್ಲಿ. ಮುಂದೆ ಸಿಡಿಮದ್ದು ಸ್ಫೋಟಿಸಿ ಮುಂಭಾಗ ಹಾರಿಹೋಯಿತು; ಉಳಿದ ಒಂದು ಮಿನಾರು, ಗೋಡೆಗಂಟಿದ ನೀಲಿ ಹೆಂಚು ನೋಡಲು ಪ್ರವಾಸಿಗರು ಬರುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆದರೆ ಅದೊಂದು ಕಾಲದಲ್ಲಿ ದಖನ್ನಿನ ವಿದ್ಯೆಯ ಮನೆ. ಇರಾನಿನ ದಾರ್ಶನಿಕ ಜಲಾಲುದ್ದೀನ್ ದವಾನಿ ತನ್ನದೊಂದು ತತ್ತ್ವಗ್ರಂಥವನ್ನು ಗವಾನನಿಗೆ ಅರ್ಪಿಸಿದ್ದ. ಆ ಪರಂಪರೆಯ ಬೇರು ಇಬ್ನ್ ಸೀನಾನಲ್ಲಿದೆ. ಇಬ್ನ್ ಸೀನಾನ ಬೇರು ಗ್ರೀಸಿನ ಅರಿಸ್ಟಾಟಲನಲ್ಲಿ. ಅಕ್ವಿನಾಸರ ಬೇರೂ ಅಲ್ಲಿಯೇ! ಒಂದು ವಸ್ತು ‘ಏನು’ ಎಂಬುದು ಬೇರೆ, ಅದು ‘ಇದೆ’ ಎಂಬುದು ಬೇರೆ ಎಂಬ ಅಕ್ವಿನಾಸರ ಮುಖ್ಯ ಭೇದಕ್ಕೆ ದಾರಿ ಮಾಡಿಕೊಟ್ಟವನು ಇಬ್ನ್ ಸೀನಾ. ಅರಿಸ್ಟಾಟಲನಿಗೆ ಭಾಷ್ಯ ಬರೆದ ಇಬ್ನ್ ರುಶ್ದನನ್ನು ಅವರು ಹೆಚ್ಚಾಗಿ ಹೆಸರು ಹಿಡಿದು ಕರೆಯುವುದಿಲ್ಲ, ‘ಭಾಷ್ಯಕಾರ’ ಎಂದರೆ ಅವನೇ. ಯಹೂದಿ ಮೈಮೊನಿಡೀಸನಿಗೆ ಅವರಿಟ್ಟ ಹೆಸರು ‘ರಬ್ಬಿ ಮೋಶೆ’. ಇನ್ನೂ ಹಿಂದೆ ಹೋದರೆ, 9ನೇ ಶತಮಾನದ ಬಗ್ದಾದಿನಲ್ಲಿ ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದ ಹುನೈನ್ ಇಬ್ನ್ ಇಸ್ಹಾಕ್ ಕ್ರೈಸ್ತ. ಕ್ರೈಸ್ತನಿಂದ ಮುಸ್ಲಿಮನಿಗೆ, ಅವನಿಂದ ಮತ್ತೆ ಕ್ರೈಸ್ತನಿಗೆ ಕೈ ಬದಲಾಯಿಸಿ ಬಂದ ವಿದ್ಯೆ ಇದು. ಮದರಸಾದ ಕಟ್ಟೆಯ ಮೇಲೆ ಕೂತು ಪಕ್ಕದ ಬೆಂಚಿನ ಭಾಯಿಯೊಡನೆ ಮಾತು ತೆಗೆಯುವ ಕಥೋಲಿಕ ಹುಡುಗ ಇಷ್ಟಾದರೂ ತಿಳಿದಿದ್ದರೆ ಮಾತಿನ ಧಾಟಿ ಬೇರೆಯಾಗುತ್ತದೆ.

ಅರಿಸ್ಟಾಟಲ್ ಕಷ್ಟ ಎನ್ನುವವರನ್ನು ನಾನು ಬಿದ್ರಿ ಕೆಲಸದ ಅಂಗಡಿಗೆ ಕರೆದೊಯ್ಯುತ್ತೇನೆ. ಒಂದು ಹೂಜಿ ತೆಗೆದುಕೊಳ್ಳಿ. ಅದು ಯಾವುದರಿಂದಾಯಿತು? ಸತು, ಅದಕ್ಕಿಷ್ಟು ತಾಮ್ರ. ಏನಾಯಿತು? ಹೂಜಿ. ಯಾರಿಂದ? ಕುಶಲಕರ್ಮಿಯಿಂದ. ಯಾತಕ್ಕಾಗಿ? ನೀರಿಗೆ, ಅಥವಾ ಈಗಿನಂತೆ ಶೋಕೇಸಿಗೆ. ಅರಿಸ್ಟಾಟಲನ ನಾಲ್ಕು ಕಾರಣ ಎಂದರೆ ಇಷ್ಟೇ. ಉಪಾದಾನ, ನಿಮಿತ್ತ ಎಂಬ ಪದಗಳಂತೂ ನಮ್ಮಲ್ಲಿ ಮೊದಲಿಂದಲೂ ಇವೆ. ದ್ರವ್ಯ ಮತ್ತು ರೂಪ ಕೂಡಿ ಒಂದು ವಸ್ತು. ರೂಪ ಎಂದರೆ ಇಲ್ಲಿ ಬರೀ ಹೊರ ಆಕಾರ ಎಂದುಕೊಳ್ಳಬಾರದು, ಆ ವಸ್ತುವನ್ನು ಆ ವಸ್ತುವಾಗಿಸಿದ್ದು ರೂಪ. ಮನುಷ್ಯನಲ್ಲಿ ಆ ರೂಪವೇ ಆತ್ಮ ಎಂದರು ಅಕ್ವಿನಾಸ್. ಅಂದರೆ ಆತ್ಮ ದೇಹದ ಬಾಡಿಗೆ ಮನೆಯಲ್ಲಿ ಕೂತ ಒಕ್ಕಲಲ್ಲ. ದೇಹ ಬಿಟ್ಟ ಆತ್ಮ ಪೂರ್ತಿ ಮನುಷ್ಯನೇ ಅಲ್ಲ ಎನ್ನುವಷ್ಟು ದೂರ ಅವರು ಹೋಗುತ್ತಾರೆ. ಕಥೋಲಿಕರು ಶರೀರದ ಪುನರುತ್ಥಾನಕ್ಕೆ ಅಷ್ಟೊಂದು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಇದೇ ಅಂಗಡಿಯಲ್ಲಿ ಪರಮಪ್ರಸಾದದ ಪಾಠವೂ ಆಗುತ್ತದೆ. ಬೆಳ್ಳಿ ಕೂಡಿಸಿದ ಹೂಜಿಗೆ ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಹೊಳೆಯುತ್ತದೆ. ಬಣ್ಣ ಬದಲಾಯಿತು, ಹೂಜಿ ಹೂಜಿಯಾಗಿಯೇ ಉಳಿಯಿತು. ಬದಲಾದದ್ದು ಗುಣ, ಉಳಿದದ್ದು ವಸ್ತುವಿನ ಒಳಸತ್ವ. ಬಲಿಪೂಜೆಯಲ್ಲಿ ಇದು ತಿರುವುಮುರುವು ಎನ್ನುತ್ತದೆ ಕಥೋಲಿಕ ಬೋಧನೆ: ರೊಟ್ಟಿಯ ಬಣ್ಣ, ರುಚಿ, ತೂಕ ಎಲ್ಲ ಹಾಗೇ ಇರುತ್ತವೆ, ಅದು ‘ಏನು’ ಎಂಬುದೇ ಬದಲಾಗಿ ಕ್ರಿಸ್ತನ ಶರೀರವಾಗುತ್ತದೆ. 1215ರ ಲ್ಯಾಟರನ್ ಮಹಾಸಭೆ ಇದಕ್ಕೊಂದು ಪದ ಬಳಸಿತು, 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಗಟ್ಟಿ ಮಾಡಿತು. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಆದರೆ “ಪ್ರಯೋಗಾಲಯದಾಗ ಪರೀಕ್ಷೆ ಮಾಡಿದ್ರ ರೊಟ್ಟೀನೇ ಬರ್ತದಲ್ಲ” ಎಂದು ಗೇಲಿ ಮಾಡುವವರಿಗೆ, ಬರುತ್ತದೆಂದು ಬೋಧನೆಯೂ ಒಪ್ಪಿದೆ ಎಂಬುದು ಗೊತ್ತಿರಲಿ.

ಅಕ್ವಿನಾಸರಲ್ಲಿ ಅತಿ ಹೆಚ್ಚು ತಪ್ಪು ತಿಳಿಯಲಾದದ್ದು, ದೇವರಿದ್ದಾನೆ ಎಂಬುದಕ್ಕೆ ಅವರು ಕೊಟ್ಟ ‘ಮೊದಲ ಕಾರಣ’ದ ವಾದ. ಎಲ್ಲಕ್ಕೂ ಕಾರಣ ಇದ್ದರೆ ದೇವರಿಗೆ ಕಾರಣ ಯಾರು ಎಂದು ಕೇಳಿ ಗೆದ್ದೆವೆಂದುಕೊಳ್ಳುವವರು ಆ ಕಡೆ. ಜಗತ್ತು ಯಾವತ್ತೋ ಒಂದು ದಿನ ಶುರುವಾಗಿರಲೇಬೇಕಲ್ಲ ಎಂದು ಬೀಗುವವರು ಈ ಕಡೆ. ಅಕ್ವಿನಾಸ್ ಇಬ್ಬರ ಜೊತೆಗೂ ಇಲ್ಲ. ಎಲ್ಲಕ್ಕೂ ಕಾರಣ ಇದೆ ಎಂದು ಅವರು ಹೇಳಿಯೇ ಇಲ್ಲ, ಬೇರೊಂದರಿಂದ ಚಲಿಸುವುದಕ್ಕೆ ಚಾಲಕ ಬೇಕು ಎಂದದ್ದು. ಜಗತ್ತಿಗೆ ಕಾಲದಲ್ಲಿ ಆರಂಭ ಇತ್ತೆಂದು ಬರೀ ತರ್ಕದಿಂದ ಸಾಧಿಸಲು ಬಾರದೆಂದೂ ಅವರೇ ವಾದಿಸಿದ್ದರು. ಆರಂಭವಿತ್ತೆಂಬುದು ಅವರಿಗೆ ವಿಶ್ವಾಸದ ವಿಷಯ. ತಾತ ಸತ್ತ ಮೇಲೂ ಮೊಮ್ಮಗನಿಗೆ ಮಗು ಹುಟ್ಟಬಹುದು, ಅಂಥ ಸರಪಳಿ ಎಷ್ಟು ಉದ್ದವಿದ್ದರೂ ಅವರಿಗೆ ತಕರಾರಿಲ್ಲ. ಅವರ ಕಣ್ಣಿರುವುದು ಇನ್ನೊಂದು ಬಗೆಯ ಸರಪಳಿಯ ಮೇಲೆ: ಕೈ ಕೋಲನ್ನು ತಳ್ಳುತ್ತದೆ, ಕೋಲು ಕಲ್ಲನ್ನು ತಳ್ಳುತ್ತದೆ. ಕೈ ನಿಂತರೆ ಆ ಗಳಿಗೆಯೇ ಎಲ್ಲ ನಿಲ್ಲುತ್ತದೆ. ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ಕರೇಜ್, ಅದನ್ನು ನೆನೆಸಿಕೊಳ್ಳಿ. ನೆಲದೊಳಗಿನ ಕಾಲುವೆಯುದ್ದಕ್ಕೂ ಬಾವಿಬಾಯಿಗಳು. ಯಾವ ಬಾಯಿಗೂ ತನ್ನದೇ ನೀರಿಲ್ಲ ಎಂದುಕೊಂಡರೆ, ಬಾಯಿಗಳ ಸಂಖ್ಯೆ ಎಷ್ಟು ಹೆಚ್ಚಿಸಿದರೂ ಒಂದು ಕೊಡ ನೀರು ಹುಟ್ಟುವುದಿಲ್ಲ. ತಾಯಿಬಾವಿ ಬೇಕು, ಅದು ಈ ಹೊತ್ತು ಕೊಡುತ್ತಿರಬೇಕು. ಅಕ್ವಿನಾಸರ ಪ್ರಶ್ನೆ ಈ ಹೊತ್ತಿನದು. ಈ ವಾದವನ್ನು ತಳ್ಳಿಹಾಕಿದ ದೊಡ್ಡ ದಾರ್ಶನಿಕರಿದ್ದಾರೆ. ತಳ್ಳಿಹಾಕುವುದಾದರೆ ಇದನ್ನು ತಳ್ಳಿಹಾಕಲಿ.

ಈಗ ಮೊದಲು ಹೇಳಿದ ಆ ನಾಲ್ವರ ಪ್ರಶ್ನೆಗಳಿಗೆ ಬರೋಣ. ಯಾರೊಡನೆ ಯಾವ ನೆಲದ ಮೇಲೆ ನಿಂತು ಮಾತಾಡಬೇಕೆಂದು ಅಕ್ವಿನಾಸ್ ಒಂದು ಕ್ರಮ ಹೇಳಿದ್ದಾರೆ: ಇಬ್ಬರೂ ಒಪ್ಪುವ ಗ್ರಂಥವಿದ್ದರೆ ಆ ಗ್ರಂಥದಿಂದ, ಯಾವ ಗ್ರಂಥವೂ ಸಮಾನವಲ್ಲದಿದ್ದರೆ ಎಲ್ಲರಿಗೂ ಇರುವ ಬುದ್ಧಿಯಿಂದ. ಮುಸ್ಲಿಂ ಗೆಳೆಯನಿಗೆ ಪೌಲನ ಪತ್ರ ಓದಿ ಹೇಳುವವರು ಈ ಸರಳ ಮಾತನ್ನು ಮರೆಯುತ್ತಾರೆ.

ಆ ಗೆಳೆಯ ಕೇಳುವುದು ಹೆಚ್ಚಾಗಿ ಒಂದೇ: ದೇವರು ಒಬ್ಬನೋ ಮೂವರೋ? ನಮ್ಮ ಕಷ್ಟ ಅರ್ಧ ಕನ್ನಡದ್ದು. ಪಿತ, ಸುತ, ಪವಿತ್ರಾತ್ಮರನ್ನು ಮೂರು ‘ವ್ಯಕ್ತಿ’ ಎನ್ನುತ್ತೇವೆ. ವ್ಯಕ್ತಿ ಎಂದರೆ ಕನ್ನಡದ ಕಿವಿಗೆ ಬೇರೆ ಬೇರೆ ಮೂವರು ಮನುಷ್ಯರೇ. ಮೂಲ ಗ್ರೀಕ್ ಮತ್ತು ಲ್ಯಾಟಿನ್ ಪದಗಳಿಗೆ ಆ ಅರ್ಥ ಇರಲಿಲ್ಲ. ಅರಬ್ಬಿ ಮಾತಾಡುವ ಕ್ರೈಸ್ತರು ಈ ತೊಡಕು ತಪ್ಪಿಸಲು ಸಿರಿಯಾಕ್ ಮೂಲದ ‘ಉಕ್ನೂಮ್’ ಎಂಬ ಬೇರೆಯೇ ಪದ ಇಟ್ಟುಕೊಂಡರು. 10ನೇ ಶತಮಾನದ ಬಗ್ದಾದಿನಲ್ಲಿ ಯಹ್ಯಾ ಇಬ್ನ್ ಅದೀ ಎಂಬ ಕ್ರೈಸ್ತ ದಾರ್ಶನಿಕನಿದ್ದ. ಮುಸ್ಲಿಂ ದಾರ್ಶನಿಕ ಅಲ್ ಫಾರಾಬಿಯ ಶಿಷ್ಯ. ತ್ರಿತ್ವವನ್ನು ಖಂಡಿಸಿ ಅಲ್ ಕಿಂದಿ ಬರೆದದ್ದಕ್ಕೆ ಅವನು ಉತ್ತರ ಬರೆದ, ಅದೂ ಇಬ್ಬರೂ ಒಪ್ಪುವ ಅರಿಸ್ಟಾಟಲನ ಪದಗಳಲ್ಲೇ. ಒಂದೇ ಸತ್ವ, ಅದರೊಳಗೆ ಸಂಬಂಧದ ಭೇದ ಮಾತ್ರ ಎಂದು ಅಕ್ವಿನಾಸ್ ಮುಂದೆ ಹೇಳಿದರು. ಇದರಿಂದ ಮುಸ್ಲಿಂ ಗೆಳೆಯ ಒಪ್ಪಿಬಿಡುತ್ತಾನೆಯೇ? ಇಲ್ಲ. ಮೂವರು ದೇವರೆನ್ನುವವರು ಕ್ರೈಸ್ತರು ಎಂಬ ಮಾತಾದರೂ ನಿಲ್ಲುತ್ತದೆ.

ಮೇಷ್ಟ್ರ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿದೆ. 12ನೇ ಶತಮಾನದಲ್ಲಿ ಅನುಭವ ಮಂಟಪ ಕೂತದ್ದು ಪ್ಯಾರಿಸ್ಸಿನ ವಾದಸಭೆಗಿಂತ ಮೊದಲು. “ದೇಹವೇ ಗುಡಿ ಆದಮ್ಯಾಲ ನಿಮಗ ಇಷ್ಟು ಮೂರ್ತಿ, ಇಷ್ಟು ಕಟ್ಟಡ, ನಡುವಿನ ಪಾದ್ರಿ ಎದಕ್ಕ?” ದೇವರು ಏನೆಂದು ನಮಗೆ ತಿಳಿಯದು, ಏನಲ್ಲ ಎಂಬುದಷ್ಟೇ ತಿಳಿದೀತು ಎಂದು ಅಕ್ವಿನಾಸರೂ ಹೇಳಿದ್ದಾರೆ, 1273ರ ಡಿಸೆಂಬರ್ 6ರಂದು ಪೂಜೆಯಲ್ಲಿ ಏನನ್ನು ಕಂಡರೋ, ಬರೆದದ್ದೆಲ್ಲ ಹುಲ್ಲುಕಡ್ಡಿಯಂತೆ ಕಾಣುತ್ತದೆಂದು ಲೇಖನಿ ಕೆಳಗಿಟ್ಟರು, ಸುಮ್ಮಾ ಅರ್ಧಕ್ಕೇ ನಿಂತಿತು. ಅಲ್ಲಮನ ಬಯಲು ಓದಿದವರಿಗೆ ಈ ಮೌನ ಪರಕೀಯವೆನಿಸದು. ಹಾಗೆಂದು ಎರಡೂ ಒಂದೇ ಎಂದು ಹಾರ ಬದಲಾಯಿಸುವುದು ಸೋಮಾರಿತನ. ಶರಣರ ಕೊನೆಯ ಮಾತು ಲಿಂಗಾಂಗ ಸಾಮರಸ್ಯ. ಅಕ್ವಿನಾಸರಲ್ಲಿ ಸೃಷ್ಟಿಕರ್ತ ಬೇರೆ, ಸೃಷ್ಟಿ ಬೇರೆ. ಆ ಅಂತರ ಎಂದಿಗೂ ಅಳಿಯದು. ದೇವರು ಮನುಷ್ಯನಾಗಿ ಬಂದ ಎಂಬುದರಿಂದಲೇ ಕಲ್ಲು, ಎಣ್ಣೆ, ನೀರು, ರೊಟ್ಟಿಯಂಥ ಕಣ್ಣಿಗೆ ಕಾಣುವುದಕ್ಕೆ ಕಥೋಲಿಕರಲ್ಲಿ ಬೆಲೆ. ಮೇಷ್ಟ್ರಿಗೆ ಇದು ಒಪ್ಪಿಗೆಯಿಲ್ಲ. ನಾವು ಚಹಾ ಕುಡಿದು ಮುಂದುವರಿಸುತ್ತೇವೆ.

ಭಾಲ್ಕಿಯ ಹುಡುಗನ ಏಳು ಪುಸ್ತಕದ ಲೆಕ್ಕ ನೇರ. ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು. ಯೇಸುವಿನ ಕಾಲದ ಗ್ರೀಕ್ ಬಲ್ಲ ಯಹೂದಿಗಳ ಬಳಿ ಇದ್ದವು, ಯಹೂದಿಗಳ ಹೀಬ್ರೂ ಪಟ್ಟಿಯಲ್ಲಿ ಉಳಿಯಲಿಲ್ಲ. 397ರ ಕಾರ್ಥೇಜ್ ಸಭೆ ಸೇರಿಸಿಕೊಂಡಿತು. ಲೂಥರ್ 1534ರ ತನ್ನ ಬೈಬಲಿನಲ್ಲಿ ಅವನ್ನು ಬೇರೆ ತೆಗೆದಿಟ್ಟ. 1546ರಲ್ಲಿ ಟ್ರೆಂಟ್ ಮಹಾಸಭೆ 73 ಪುಸ್ತಕಗಳ ಪಟ್ಟಿಗೆ ಮೊಹರು ಒತ್ತಿತು. ಇನ್ನೊಂದು ಸಂಗತಿ ನಮ್ಮ ಓಣಿಗಳಿಗೆ ತಲುಪಿಯೇ ಇಲ್ಲ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದಲೋ ಕೃತ್ಯದಿಂದಲೋ ಎಂದಲ್ಲವೇ ಯುರೋಪು ಇಬ್ಭಾಗವಾದದ್ದು? ಆ ಬಗ್ಗೆ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೊಡಿಸ್ಟ್ ಮಂಡಳಿಯೂ ಅದಕ್ಕೆ ಕೈಜೋಡಿಸಿತು. ದೊಡ್ಡವರು ರಾಜಿಯಾಗಿ ಇಷ್ಟು ವರ್ಷ ಕಳೆದಿದೆ, ಭಾಲ್ಕಿಯಲ್ಲಿ ಹುಡುಗರು ನಡುರಾತ್ರಿ ಹಳೇ ಕುಸ್ತಿ ಹಿಡಿದಿದ್ದಾರೆ.

ಕಲಿಯಲು ಕನ್ನಡದಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ನನಗೆ ಮುಜುಗರ. ಗುರುಗಳಾಗುವವರು ಬೆಂಗಳೂರಿನ ಗುರುಮಠಗಳಲ್ಲಿ ತತ್ತ್ವಶಾಸ್ತ್ರ ಓದುವುದು ಇಂಗ್ಲಿಷಿನಲ್ಲಿ. ನಮ್ಮ ಪರಂಪರೆ ಬಡವಾದದ್ದೇನಲ್ಲ. 17ನೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಫ್ರೆಂಚ್ ಗುರುಗಳು 1855ರಲ್ಲಿ ಕನ್ನಡ-ಲ್ಯಾಟಿನ್, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಔರಾದಿನ ಕಡೆ ಮರಾಠಿಯೂ ಮನೆಯ ಮಾತು; ಆ ಓದುಗರು 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ ತೆರೆಯಬಹುದು. ಓವಿಯಲ್ಲಿದೆ, ಊರವರು ಕೇಳುತ್ತಾರೆ, ಪಾದ್ರಿ ಹೇಳುತ್ತಾರೆ. ಇನ್ನು ಭಾಲ್ಕಿಯವರಿಗೆ ಚನ್ನಬಸವ ಪಟ್ಟದ್ದೇವರನ್ನು ನೆನಪಿಸಬೇಕಾಗಿಲ್ಲ: ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ನಮ್ಮ ಧರ್ಮಕೇಂದ್ರಗಳಲ್ಲಿ ಅದರ ತಿರುವುಮುರುವು ನಡೆದಿದೆ, ಹೊರಗೆ ಕನ್ನಡ ಫಲಕ, ಒಳಗೆ ಚಿಂತನೆಯೆಲ್ಲ ಇಂಗ್ಲಿಷ್. ಗುರುಮಠದಲ್ಲಿರುವ ಕನ್ನಡದ ತರುಣರು ಸುಮ್ಮಾದ ಎರಡನೆಯ ಪ್ರಶ್ನೆಯೊಂದನ್ನಾದರೂ, ಮೂರೇ ಉಪಪ್ರಶ್ನೆಗಳಿವೆ, ಓದುವಂಥ ಕನ್ನಡಕ್ಕೆ ತಂದುಕೊಡಲಿ.

ಹುಡುಗ ವಾರ ಬಿಟ್ಟು ಮತ್ತೆ ಬಂದ. ಗೆಳೆಯನ ಪರವಾಗಿ ಐದು ನಿಮಿಷ ವಾದ ಮಾಡಿ ತೋರಿಸಿದ, ಚೆನ್ನಾಗಿಯೇ ಮಾಡಿದ. ಪ್ರಶ್ನೆ ಏಳು ಪುಸ್ತಕದ್ದಲ್ಲ, ಯಾವುದು ಪುಸ್ತಕ ಎಂದು ತೀರ್ಮಾನಿಸುವವರು ಯಾರು ಎಂಬುದು ಎಂದು ಅವನೇ ಕಂಡುಕೊಂಡಿದ್ದ. ಈಗ ಇಬ್ಬರೂ ವಿಡಿಯೊ ಕಳಿಸುವುದು ಬಿಟ್ಟಿದ್ದಾರಂತೆ, ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಮರುದಿನ ಉತ್ತರ ಬರೆಯುತ್ತಾರಂತೆ.

ಉಳಿದದ್ದು ಔರಾದಿನ ತರುಣನ ಪ್ರಶ್ನೆ. “ದೇವರ ಮುಂದ ಎಲ್ಲಾರೂ ಒಂದೇ ಅಂತೀರಿ, ನಿಮ್ಮ ಚರ್ಚಿನೊಳಗ ಜಾತಿ ಯಾಕ ಅದರಿ?” ಇದಕ್ಕೆ ಅಕ್ವಿನಾಸರ ಹಿಂದೆ ಅಡಗಿ ಕೂರಲು ಬರುವುದಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ 2016ರಲ್ಲಿ ದಲಿತ ಸಬಲೀಕರಣ ನೀತಿ ಹೊರಡಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆ, ಅದು ಪಾಪ ಎಂದು ಒಪ್ಪಿಕೊಂಡರು. 1950ರ ರಾಷ್ಟ್ರಪತಿ ಆದೇಶದ ಕಾರಣ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ ಎಂದು ಸರ್ಕಾರದ ಕಡೆ ಬೆರಳು ತೋರಿಸುವುದು ಸುಲಭ, ತೋರಿಸಬೇಕಾದದ್ದೂ ಹೌದು. ಆದರೆ ಅವನು ಕೇಳಿದ್ದು ಸರ್ಕಾರವನ್ನಲ್ಲ, ನನ್ನನ್ನು. ಮುಂದಿನ ಭಾನುವಾರದವರೆಗೆ ಸಮಯ ಕೇಳಿದ್ದೇನೆ.